ಮೂರು ದಿನ ಬಿಟ್ಟು ಬನ್ನಿ

ಮುಂದಿನ ಬೆಂಚುಗಳಲ್ಲಿ ಕುಳಿತಿರುವ ದೃಢೀಕರಣದ ಮಕ್ಕಳೇ,

ಸೊಲೊಮೋನ ಅರಸ ತೀರಿಕೊಂಡ ಮೇಲೆ ಅವನ ಮಗ ರೆಹಬ್ಬಾಮ ಪಟ್ಟಕ್ಕೇರಲು ಶೆಕೆಮಿಗೆ ಹೋದ. ಅಲ್ಲಿ ಸೇರಿದ್ದ ಜನರದ್ದು ಒಂದೇ ಬೇಡಿಕೆ. ಅವನ ತಂದೆ ಹೊರಿಸಿದ್ದ ನೊಗ ತೀರಾ ಭಾರವಾಗಿತ್ತು, ಅದನ್ನು ಒಂದಿಷ್ಟು ಹಗುರ ಮಾಡಿದರೆ ಸಾಕು, ನಿಷ್ಠೆಯಿಂದ ಇರುತ್ತೇವೆ ಎಂದರು. ರೆಹಬ್ಬಾಮ ಆ ಕ್ಷಣವೇ ಉತ್ತರ ಕೊಡಲಿಲ್ಲ. ಮೂರು ದಿನ ಬಿಟ್ಟು ಬರಲು ಹೇಳಿದ. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ಮೊದಲು ತಂದೆಯ ಕಾಲದ ಹಿರಿಯರನ್ನು ಕೇಳಿದ. ಜನರಿಗೆ ಸೇವಕನಾಗು, ಅವರೊಡನೆ ಮೃದುವಾಗಿ ಮಾತಾಡು ಎಂದು ಅವರು ಬುದ್ಧಿ ಹೇಳಿದರು. ಅದು ರುಚಿಸಲಿಲ್ಲ. ತನ್ನ ಜೊತೆಯಲ್ಲೇ ಆಡಿ ಬೆಳೆದ ಗೆಳೆಯರ ಬಳಿಗೆ ಹೋದ. ಅಪ್ಪನಿಗಿಂತ ನೀನೇ ಬಿಗಿ ಎಂದು ತೋರಿಸಿಕೊಡು ಎಂದು ಅವರು ಹುರಿದುಂಬಿಸಿದರು. ಮೂರನೆಯ ದಿನ ಅವನ ಬಾಯಿಂದ ಬಂದದ್ದು ಗೆಳೆಯರ ಮಾತು. ಹನ್ನೆರಡು ಕುಲಗಳ ರಾಜ್ಯ ಒಡೆದು ಎರಡಾಯಿತು. ಮತ್ತೆಂದೂ ಕೂಡಲಿಲ್ಲ.

ಅರಸುಗಳ ಮೊದಲನೆಯ ಗ್ರಂಥದ 12ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ನಿಧಾನವಾಗಿ ಓದಿ. ಅಲ್ಲಿ ಒಂದು ಚಿಕ್ಕ ವ್ಯತ್ಯಾಸವಿದೆ. ಹಿರಿಯರನ್ನು ಕೇಳುವಾಗ ಅವನು ತನ್ನನ್ನು ಅವರ ಜೊತೆ ಸೇರಿಸಿಕೊಳ್ಳುವುದಿಲ್ಲ. ಗೆಳೆಯರನ್ನು ಕೇಳುವಾಗ ‘ನಾವು’ ಎನ್ನುತ್ತಾನೆ. ನಾವು ಏನು ಉತ್ತರ ಕೊಡೋಣ ಎಂಬ ಅರ್ಥದಲ್ಲಿ. ಅಂದರೆ ಯಾರ ಮಾತು ಕೇಳಬೇಕೆಂದು ಅವನ ಮನಸ್ಸು ಮೊದಲೇ ನಿರ್ಧರಿಸಿತ್ತು. ಮೂರು ದಿನ ಅವಕಾಶವಿದ್ದರೂ ಅದರಿಂದ ಪ್ರಯೋಜನವಾಗಲಿಲ್ಲ.

ಈ ಕಥೆಯನ್ನು ಹುಡುಗ ಹುಡುಗಿಯರ ಮೇಲೆ ಬೀಸುವ ಬೆತ್ತ ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪಟ್ಟಕ್ಕೇರಿದಾಗ ರೆಹಬ್ಬಾಮನಿಗೆ 41 ವರ್ಷ ಎಂದು ಅದೇ ಗ್ರಂಥ ಹೇಳುತ್ತದೆ. ಅಷ್ಟು ವಯಸ್ಸಾದವನೇ ತನಗೆ ಹಿತವಾದದ್ದನ್ನು ಹೇಳುವವರ ಕಡೆಗೆ ವಾಲಿದನಲ್ಲ, ಹದಿನಾಲ್ಕರ ಮಗು ವಾಲಿದರೆ ಆಶ್ಚರ್ಯವೇನು?

ಮಕ್ಕಳೇ, ನಿಮ್ಮ ಕೈಯಲ್ಲಿರುವ ಫೋನಿನೊಳಗೆ ರೆಹಬ್ಬಾಮನ ಗೆಳೆಯರ ಕೂಟ ಹಗಲೂ ರಾತ್ರಿ ಸೇರಿರುತ್ತದೆ. ಯಾವ ವೀಡಿಯೊದ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವುದನ್ನು ಎರಡನೆಯ ಸಲ ನೋಡಿದಿರಿ, ಯಾವುದನ್ನು ಗೆಳತಿಗೆ ಕಳಿಸಿದಿರಿ, ಇದನ್ನೆಲ್ಲ ಲೆಕ್ಕವಿಟ್ಟು ಅದೇ ಬಗೆಯ ಇನ್ನಷ್ಟನ್ನು ಅದು ಮುಂದೆ ತಂದಿಡುತ್ತದೆ. ನಿಮಗೆ ಒಳ್ಳೆಯದಾಗುತ್ತದೋ ಕೆಟ್ಟದ್ದೋ ಎಂಬುದು ಅದಕ್ಕೆ ತಿಳಿಯದು. ನೀವು ಅಲ್ಲೇ ಕುಳಿತಿರಬೇಕು, ಅಷ್ಟೇ ಅದರ ಲೆಕ್ಕ. ಪರೀಕ್ಷೆಯ ಹಿಂದಿನ ವಾರ, ರಾತ್ರಿ ಹನ್ನೆರಡಕ್ಕೆ, ಓದಿ ಉದ್ಧಾರವಾದವರಿಲ್ಲ ಎನ್ನುವ ಒಂದು ರೀಲ್ಸನ್ನು ಬೇಸರಕ್ಕೆ ನೋಡಿದ ಹುಡುಗನಿಗೆ ಮರುದಿನ ಅಂಥವೇ ನಾಲ್ಕಾರು ಬರುತ್ತವೆ. ಲೋಕವೆಲ್ಲ ಹೀಗೇ ಹೇಳುತ್ತಿದೆ ಎಂದು ಅವನು ನಂಬುತ್ತಾನೆ. ಅವನು ಕೇಳಿದ್ದು ತನ್ನದೇ ಬೇಸರದ ಮಾರ್ದನಿ.

ಹಿಂದೆ ಪತ್ರಿಕೆಗೆ ಕೊನೆಯ ಪುಟವಿತ್ತು. ಅಂತರ್ಜಾಲದ ಪುಟಕ್ಕೂ ಒಂದು ಅಂಚಿತ್ತು. ಮುಂದಿನದನ್ನು ನೋಡಬೇಕಾದರೆ ಒತ್ತಬೇಕಿತ್ತು. ಬೆರಳು ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಆಜಾ ರಾಸ್ಕಿನ್ ಎಂಬ ತಂತ್ರಜ್ಞ ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಪುಟ ಮುಗಿಯುವ ಜಾಗದಲ್ಲಿ ನಾವು ತಲೆಯೆತ್ತಿ ಕಿಟಕಿಯಾಚೆ ನೋಡುತ್ತಿದ್ದೆವು, ಸಾಕು ಅನ್ನಿಸುತ್ತಿತ್ತು. ಆ ಪುಟ್ಟ ಜಾಗವೂ ಹೋಯಿತು.

ಫೋನಿಗೆ ದೇವರ ಹೆಸರಿನಲ್ಲಿ ಬರುವ ಸಂದೇಶಗಳ ಬಗ್ಗೆಯೂ ಹೇಳಬೇಕು. ಆಮೆನ್ ಎಂದು ಟೈಪ್ ಮಾಡಿದರೆ ಸಂಜೆಯೊಳಗೆ ಶುಭ ಸುದ್ದಿ, ಮುಂದಕ್ಕೆ ಕಳಿಸದಿದ್ದರೆ ಆಶೀರ್ವಾದ ತಪ್ಪೀತು. ಇಂಥವನ್ನು ಕಳಿಸುವವರಲ್ಲಿ ಹಿರಿಯರೇ ಹೆಚ್ಚು. ಕಾಲೇಜು ಯಾವುದು, ಗೆಳೆತನ ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದಕ್ಕೂ ‘ದೇವರ ಗುರುತು’ ಎಂದು ಅರ್ಧ ನಿಮಿಷದ ವೀಡಿಯೊವನ್ನು ನಂಬುವ ಮಕ್ಕಳಿದ್ದಾರೆ. ದೇವರು ಯಾರನ್ನೂ ಹೆದರಿಸಿ ಆಮೆನ್ ಹೇಳಿಸುವುದಿಲ್ಲ.

ಕಳೆದ ವರ್ಷ ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಅಮ್ಮನ ಜೊತೆ ನನ್ನಲ್ಲಿಗೆ ಬಂದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಜರ್ಮನಿಗೆ ಹೋಗಿ ನರ್ಸಿಂಗ್ ಕಲಿಯುವುದೆಂದು ತೀರ್ಮಾನವಾಗಿತ್ತು. ಏಜೆಂಟನಿಗೆ ಮುಂಗಡ ಕೊಡಲು ಅಮ್ಮ ಬಳೆ ಅಡವಿಡುವುದರಲ್ಲಿದ್ದರು. ಯಾರು ಹೇಳಿದರಮ್ಮಾ ಎಂದು ಕೇಳಿದೆ. ಫೋನ್ ತೆಗೆದು ತೋರಿಸಿದಳು. ಹಿಮ, ಚೊಕ್ಕಟ ರೈಲು, ಸಂಬಳವನ್ನು ರೂಪಾಯಿಗೆ ಲೆಕ್ಕ ಹಾಕಿ ಹೇಳುವ ನಗುಮುಖದ ಮೂರು ನಾಲ್ಕು ಹುಡುಗಿಯರು.

“ಇವರಲ್ಲಿ ಯಾರಿಗಾದರೂ ನಿನ್ನ ಹೆಸರು ಗೊತ್ತಾ?”

“ಇಲ್ಲ ಫಾದರ್.”

“ನಿನ್ನ ಚಿಕ್ಕಮ್ಮ 18 ವರ್ಷದಿಂದ ನರ್ಸ್ ಅಲ್ಲವಾ? ಅವರನ್ನು ಕೇಳಿದೆಯಾ?”

ತಲೆ ತಗ್ಗಿಸಿದಳು. “ಚಿಕ್ಕಮ್ಮ ಬೈತಾರೆ ಫಾದರ್.”

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾಲ್ಕು ಮನೆಯಾಚೆ ಇರುವ ಚಿಕ್ಕಮ್ಮನ ಬಳಿ ಹೋಗಲು ಹೆದರಿಕೆ, ಏಳು ಸಮುದ್ರದಾಚೆಯ ಅಪರಿಚಿತೆಯ ಮೇಲೆ ನಂಬಿಕೆ. ಯಾಕೆಂದರೆ ಫೋನು ಬೈಯುವುದಿಲ್ಲ. ನಿನಗೇನು ಗೊತ್ತು ಅನ್ನುವುದಿಲ್ಲ, ಪಕ್ಕದ ಮನೆಯ ಹುಡುಗನ ಅಂಕ ಎತ್ತಿ ಆಡುವುದಿಲ್ಲ.

ತಂದೆತಾಯಂದಿರೇ, ಇಲ್ಲಿ ತಪ್ಪು ನಮ್ಮದು. ಒಂದು ಪ್ರಶ್ನೆ ಕೇಳಲು ಬಂದ ಮಗುವಿಗೆ ಹತ್ತು ಬೈಗುಳ ಸಿಕ್ಕರೆ ಅದು ಎರಡನೆಯ ಸಲ ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅಂಕಪಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವವರು ಮಕ್ಕಳಲ್ಲ, ನಾವು. ಅದೇ ಗುಂಪಿನಲ್ಲಿ ಕಡಿಮೆ ಅಂಕ ಬಂದ ಇನ್ನೊಂದು ಮಗು ಇರುತ್ತದೆ. ಮೆಚ್ಚುಗೆಯ ಹೆಬ್ಬೆರಳುಗಳನ್ನು ಎಣಿಸುವುದನ್ನು ಮಕ್ಕಳು ಮನೆಯಲ್ಲೇ ಕಲಿತರು. ರೆಹಬ್ಬಾಮನ ಹಿರಿಯರನ್ನು ನಾನು ಮೆಚ್ಚುವುದು ಇದಕ್ಕೇ. ಅವರು ಅರಸನಿಗೆ ಒಳ್ಳೆಯ ಮಾತಾಡು ಎಂದಷ್ಟೇ ಹೇಳಿದರು, ಅವನನ್ನು ಹಂಗಿಸಲಿಲ್ಲ.

ಆ ಹುಡುಗಿ ಚಿಕ್ಕಮ್ಮನ ಮನೆಗೆ ಹೋದಳು. ಅವರು ಬೈಯಲಿಲ್ಲ. ಮೂರು ಸಂಜೆ ಕುಳಿತು ಮಾತಾಡಿದರು. ರಾತ್ರಿ ಪಾಳಿಯ ಕೊನೆಗೆ ಕಾಲು ಊದುವುದು, ತನಗಿಂತ ಭಾರವಾದ ರೋಗಿಯನ್ನು ಮಗ್ಗುಲಿಗೆ ತಿರುಗಿಸುವುದು, ವಾರ್ಡಿನಲ್ಲಿ ಕಂಡ ಮೊದಲ ಸಾವು, ಕೈ ಬಿಡದೆ ಹಿಡಿದುಕೊಂಡಿದ್ದ ಒಬ್ಬ ಅಜ್ಜ. ಹುಡುಗಿ ಮನಸ್ಸು ಬದಲಿಸಲಿಲ್ಲ. ನರ್ಸೇ ಆಗುತ್ತಾಳಂತೆ. ಆದರೆ ಏಜೆಂಟನನ್ನು ಬಿಟ್ಟು, ಮೊದಲು ಇಲ್ಲೇ ಜರ್ಮನ್ ಕಲಿಯುತ್ತಿದ್ದಾಳೆ. ಅಮ್ಮನ ಬಳೆ ಕೈಯಲ್ಲೇ ಇದೆ.

ಯೇಸುಸ್ವಾಮಿಗೂ ಜನಪ್ರಿಯತೆ ಬಂದಿತ್ತು. ಕಫೆರ್ನೌಮಿನಲ್ಲಿ ಒಂದು ಸಂಜೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಮರುದಿನ ನಸುಕಿನಲ್ಲೇ ಅವರು ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ತಮ್ಮನ್ನೇ ಅರಸುತ್ತಿದ್ದಾರೆ ಎಂದರು. ನಮ್ಮಲ್ಲಿ ಯಾರಾಗಿದ್ದರೂ ಆ ಮಾತು ಕೇಳಿ ಊರಿಗೆ ಮರಳುತ್ತಿದ್ದೆವು. ಯೇಸುಸ್ವಾಮಿ ಪಕ್ಕದ ಹಳ್ಳಿಗಳಿಗೆ ಹೊರಟರು. ಯಾಕೆ ಬಂದೆನೆಂಬುದು ಅವರಿಗೆ ಆ ನಸುಕಿನಲ್ಲಿ ಸ್ಪಷ್ಟವಿತ್ತು. ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುನ್ನ ಬೆಟ್ಟದ ಮೇಲೆ ಇಡೀ ರಾತ್ರಿ ಕಳೆದರೆಂದು ಸಂತ ಲೂಕ ಬರೆಯುತ್ತಾರೆ. ದೇವಪುತ್ರನಿಗೇ ಒಂದು ರಾತ್ರಿ ಬೇಕಾಯಿತು.

ಮಕ್ಕಳೇ, ನಿಮ್ಮ ವಯಸ್ಸಿನವನೇ ಒಬ್ಬ ಈಗ ಸಂತ. ಇಟಲಿಯಲ್ಲಿ ಬೆಳೆದ ಕಾರ್ಲೊ ಅಕುಟಿಸ್ 15ನೇ ವಯಸ್ಸಿನಲ್ಲಿ, 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಕಂಪ್ಯೂಟರೆಂದರೆ ಅವನಿಗೆ ಪ್ರಾಣ. ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವನು ಅವನೇ. ವೀಡಿಯೊ ಗೇಮಿಗೆ ಮಾತ್ರ ವಾರಕ್ಕೆ ಒಂದು ಗಂಟೆ ಎಂದು ತಾನೇ ನಿಯಮ ಹಾಕಿಕೊಂಡಿದ್ದ. ಅವನ ಕಾಲಕ್ಕೆ ರೀಲ್ಸ್ ಇರಲಿಲ್ಲ, ನಿಮ್ಮ ಹೋರಾಟ ಅವನದಕ್ಕಿಂತ ಕಷ್ಟದ್ದು. ಅದು ನನಗೆ ಗೊತ್ತಿದೆ.

ಬರುವ ತಿಂಗಳು ದೃಢೀಕರಣದ ದಿನ ಬಿಷಪರು ನಿಮ್ಮ ಹಣೆಗೆ ಪವಿತ್ರ ತೈಲ ಹಚ್ಚುತ್ತಾರೆ. ಪವಿತ್ರಾತ್ಮರ ಏಳು ವರಗಳಲ್ಲಿ ಸದಾಲೋಚನೆಯೂ ಒಂದು ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ಆ ಹೊತ್ತಿನಲ್ಲಿ ನಿಮ್ಮ ಜ್ಞಾನತಂದೆ ಅಥವಾ ಜ್ಞಾನತಾಯಿ ಹಿಂದೆ ನಿಂತು ನಿಮ್ಮ ಬಲ ಭುಜದ ಮೇಲೆ ಕೈ ಇಡುತ್ತಾರೆ. ಮುಂದೆ ಕೋರ್ಸು, ಕೆಲಸ, ಪ್ರೀತಿ, ಗುರುಜೀವನ ಎಂದು ಗೊಂದಲವಾದಾಗ ಕೇಳಲು ಹೋಗಬಹುದಾದ ಒಬ್ಬರು ಇರಲಿ ಎಂದೇ ಧರ್ಮಸಭೆ ಈ ಪದ್ಧತಿ ಇಟ್ಟಿದೆ.

ಜ್ಞಾನತಂದೆ ಅಥವಾ ಜ್ಞಾನತಾಯಿಯ ಹೆಸರು ಬರೆದು ನೀವು ಕೊಟ್ಟ ಅರ್ಜಿಗಳನ್ನು ನಿನ್ನೆ ರಾತ್ರಿ ನೋಡಿದೆ. ಹೆಚ್ಚಿನವನ್ನು ಅಪ್ಪ ಅಮ್ಮನೇ ತುಂಬಿದ್ದಾರೆ. ಎಲ್ಲವನ್ನೂ ವಾಪಸು ಕೊಡುತ್ತಿದ್ದೇನೆ, ಪೂಜೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಿಂದ ತೆಗೆದುಕೊಳ್ಳಿ. ಬೈಯುವುದಿಲ್ಲ ಎಂಬ ಧೈರ್ಯದಿಂದ ಯಾರ ಮನೆ ಬಾಗಿಲು ತಟ್ಟಬಲ್ಲಿರಿ ಎಂದು ಯೋಚಿಸಿ, ಪ್ರಾರ್ಥಿಸಿ. ಅವರ ಮನೆಗೆ ನೀವೇ ಹೋಗಿ ಕೇಳಿ. ಹೆಸರನ್ನು ನಿಮ್ಮ ಕೈಯಾರೆ ಬರೆದು ಬುಧವಾರ ಸಂಜೆ ನಿತ್ಯಾಧಾರ ಮಾತೆಯ ನೊವೇನಾಕ್ಕೆ ಬರುವಾಗ ತನ್ನಿ. ಮೂರು ದಿನ ಇದೆ.

ಈಗ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳೋಣ.