ಹರಳಿನ ಒಲೆಯ ಕಾವಲು

ಕ್ವಾರ್ಟ್ಜ್ ಹರಳು ವಿದ್ಯುತ್ತಿನ ಆಸರೆಯಲ್ಲಿ ಒಂದೇ ಲಯದಲ್ಲಿ ಮಿಡಿಯುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಅದು ಹವೆಗೆ ಅಂಜುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ತಂಪಿಗೆ ಒಂದು ನಡೆ, ಸೆಕೆಗೆ ಇನ್ನೊಂದು. ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ಬಹಳ ಸೇರುತ್ತದೆ. ಹರಳನ್ನು ತಂಪಾಗಿಡುವ ಗೋಜಿಗೇ ಹೋಗದೆ, ಯಾವ ಊರಿನ ಬೇಸಿಗೆಯೂ ಮುಟ್ಟಲಾರದ ಕಾವಿನಲ್ಲಿ, ಸುಮಾರು 80 ಡಿಗ್ರಿಯಲ್ಲಿ, ಪುಟ್ಟದೊಂದು ಒಲೆಯೊಳಗೆ ಹಗಲಿರುಳೂ ಅದನ್ನು ಕೂಡ್ರಿಸಿಬಿಟ್ಟರು. ಹೊರಗೆ ಬೆಳಗಾವಿಯ ಜಡಿಮಳೆಯಿರಲಿ, ಏಪ್ರಿಲ್ಲಿನ ಬಿಸಿಲಿರಲಿ, ಒಳಗೆ ಒಂದೇ ಋತು. ಹೀಗೆ ಸಾಕಿದ ಹರಳಿನ ತಪ್ಪು ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೆ, ಅದನ್ನು ನಂಬಿದ ಗಡಿಯಾರ ಒಂದು ಸೆಕೆಂಡು ತಪ್ಪಲು 30 ವರ್ಷದ ಮೇಲೆ ಬೇಕು.

ಸದಾಶಿವನಗರದ ನಮ್ಮ ಮನೆಗೆ ಇಂಥ ಆಸಿಲೇಟರ್ ಇದ್ದ ಹಳೆಯ ಫ್ರೀಕ್ವೆನ್ಸಿ ಕೌಂಟರೊಂದನ್ನು ಅಣ್ಣನ ಮಗ ತಂದ. ಟೀವಿ ರಿಪೇರಿಯ ಅಂಗಡಿ ಅವನದು. ಕೌಂಟರು ಒಂದು ಕಾಲೇಜಿನದು. 10 ಮೆಗಾಹರ್ಟ್ಸ್ ಅಲೆ ಬರುತ್ತಿತ್ತು, ಆದರೆ ಬೆಳಿಗ್ಗೆ ಒಂದು ಅಂಕಿ, ಮಧ್ಯಾಹ್ನ ಇನ್ನೊಂದು. ಡಬ್ಬಿಯ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಅರ್ಧ ರೋಗ ಅಲ್ಲಿಯೇ ತಿಳಿಯಿತು: ಹರಳು ಬದುಕಿದೆ, ಒಲೆ ಆರಿದೆ. ಕಾವನ್ನು ಅಳೆಯುವ ಥರ್ಮಿಸ್ಟರ್ ಸರಿಯಾಗಿತ್ತು, ಕಾವು ಕೊಡುವ ಟ್ರಾನ್ಸಿಸ್ಟರೂ ಸರಿಯಾಗಿತ್ತು. ಇವೆರಡರ ದಾರಿಯಲ್ಲಿ ಅವರೆಕಾಳಿಗಿಂತ ತುಸು ದೊಡ್ಡದೊಂದು ಥರ್ಮಲ್ ಫ್ಯೂಸ್ ಇತ್ತು, ಅದು ಹರಿದಿತ್ತು. ಅದರ ಕೆಲಸ ಒಂದೇ. ಟ್ರಾನ್ಸಿಸ್ಟರ್ ಎಂದಾದರೂ ಶಾರ್ಟ್ ಆಗಿ ಒಲೆ ಹದ ತಪ್ಪಿ ಉರಿಯತೊಡಗಿದರೆ, ನೂರು ಡಿಗ್ರಿ ದಾಟಿದ ಕೂಡಲೆ ತಾನು ಹರಿದು ಬೆಂಕಿ ನಿಲ್ಲಿಸಬೇಕು. ಇಲ್ಲಿ ಒಲೆ ಹದ ತಪ್ಪಿದ ಗುರುತೇ ಇರಲಿಲ್ಲ. ವರ್ಷಗಟ್ಟಲೆ ಕಾವಿನಲ್ಲಿ ಕುಳಿತು ಕುಳಿತು ಇಂಥ ಫ್ಯೂಸು ತಾನಾಗಿ ಸೋಲುವುದುಂಟು. ಕಳ್ಳ ಬಾರದಿದ್ದರೂ ಕಾವಲುಗಾರ ಮುಪ್ಪಿನಿಂದ ತೀರಿಕೊಂಡಂತೆ.

“ಕಾಕಾ, ಇದರಾಗ ವಿಚಾರ ಮಾಡೂದೇನೈತ್ರಿ? ಎರಡೂ ತುದಿಗೆ ಒಂದು ತಂತಿ ಬೆಸದು ಬಿಡ್ರಿ, ಮುಗೀತು. ಡಬ್ಬಿ ಬಿಚ್ಚಿ ಯಾರ ನೋಡ್ತಾರ?”

ಈ ಮಾತನ್ನು ಸುಲಭವಾಗಿ ತಳ್ಳಿಹಾಕಬಾರದು. ತಂತಿ ಹಾಕಿದರೆ ಒಲೆ ಅಷ್ಟೇ ಕಾಯುತ್ತದೆ, ಹರಳು ಅಷ್ಟೇ ನಿಷ್ಠೆಯಿಂದ ಮಿಡಿಯುತ್ತದೆ. ಜಗತ್ತಿನ ಯಾವ ಮೀಟರೂ ಫ್ಯೂಸ್ ಇದ್ದ ಒಲೆಗೂ ಇಲ್ಲದ ಒಲೆಗೂ ನಡುವಿನ ವ್ಯತ್ಯಾಸವನ್ನು ಅಂಕಿಯಲ್ಲಿ ತೋರಿಸದು. ಮೇಲಾಗಿ, ಇಷ್ಟು ವರ್ಷ ಯಂತ್ರಕ್ಕೆ ತೊಂದರೆ ಕೊಟ್ಟದ್ದು ಈ ಕಾವಲುಗಾರ ಒಬ್ಬನೇ. ಎಂದೂ ಬಾರದೆಯೇ ಹೋಗಬಹುದಾದ ಒಂದು ದಿನಕ್ಕೆ ನಾವು ಋಣಿಗಳೇ ಎಂಬುದು ನಿಜವಾಗಿಯೂ ಕಠಿಣ ಪ್ರಶ್ನೆ. ನಮ್ಮ ಮನೆಗಳು ಇದಕ್ಕೆ ಎಂದೋ ಉತ್ತರ ಕೊಟ್ಟುಬಿಟ್ಟಿವೆ. ಕಿಟ್‌ಕ್ಯಾಟ್ ಫ್ಯೂಸು ಮೇಲಿಂದ ಮೇಲೆ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತಿದ ಮನೆ ಯಾವ ಓಣಿಯಲ್ಲಿಲ್ಲ ಹೇಳಿ!

ಉತ್ತರ ಮನೆಯಾಚೆಗೂ ಹಬ್ಬಿದೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲದ ಟಾಕಿಯನ್ನು ತಂಪಾಗಿಡಬೇಕಾದ ಶೈತ್ಯಯಂತ್ರ ತಿಂಗಳುಗಳಿಂದ ಬಂದಾಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಕೊಳವೆ ದುರಸ್ತಿಗೆಂದು ಬಿಚ್ಚಿಹೋಗಿತ್ತು. ಅಂಗೈಯಗಲದ ಡಬ್ಬಿಯನ್ನು ಅಂಥ ಮಹಾದುರಂತದ ಪಕ್ಕದಲ್ಲಿಡುವುದು ಅತಿಯಾಯಿತು ಎನ್ನಬಹುದು. ಅಳತೆಯಲ್ಲಿ ಅತಿಯೇ. ಆದರೆ ಕಾವಲನ್ನು ತೆಗೆದ ಕೈಗಳ ತರ್ಕ ಎರಡೂ ಕಡೆ ಒಂದೇ: ನಿನ್ನೆ ಏನೂ ಆಗಲಿಲ್ಲ.

ಹುಡುಗ ಚೌಕಾಸಿಗೆ ಇಳಿದ. “ಹಂಗಾರ ಒಳಗ ಒಂದು ಚೀಟಿ ಅಂಟಸ್ರಿ, ಫ್ಯೂಸ್ ತಗದೇವಂತ. ಸುಳ್ಳು ಹೇಳಿದಂಗ ಆಗೂದಿಲ್ಲ.” ಇದು ಜಾಣ ಮಾತು, ಅರ್ಧ ದಿನ ನನ್ನನ್ನು ಕಾಡಿತು. ಚೀಟಿ ಸತ್ಯವನ್ನೇ ಹೇಳುತ್ತದೆ, ಸರಿ. ಯಾರಿಗೆ ಹೇಳುತ್ತದೆ? ಒಲೆಯ ಕಾವು ಆರಬಾರದೆಂದು ಈ ಕೌಂಟರನ್ನು ರಾತ್ರಿಯೆಲ್ಲ ಚಾಲೂ ಇಡುತ್ತಾರೆ. ಪ್ರಯೋಗಶಾಲೆಗೆ ಬೀಗ ಬಿದ್ದಿರುತ್ತದೆ. ಬೆಳಿಗ್ಗೆ ಅದರ ಮುಂದೆ ನಿಲ್ಲುವವರು ಹದಿನೆಂಟು ವರ್ಷದ ಮಕ್ಕಳು. ಅವರಾರೂ ಡಬ್ಬಿ ಬಿಚ್ಚುವವರಲ್ಲ. ಬಿಚ್ಚಿ ಓದುವವನು ನನ್ನಂಥ ಇನ್ನೊಬ್ಬ ರಿಪೇರಿಯವನು, ಅದೂ ಕೆಟ್ಟ ಮೇಲೆ. ಓದಬೇಕಾದವನಿಗೆ ಎಟುಕದಲ್ಲಿಟ್ಟ ಸತ್ಯ ಬರೆದವನ ನಿದ್ದೆಗಷ್ಟೇ ಅನುಕೂಲ ಎಂದು ನನಗನ್ನಿಸಿತು.

ಹೊಸ ಫ್ಯೂಸಿಗಾಗಿ ಎರಡು ವಾರ ಕಾಯಬೇಕಾಯಿತು, ಕಾಲೇಜಿನಿಂದ ಎರಡು ಸಲ ಫೋನೂ ಬಂತು. ಅದನ್ನು ಕೂಡ್ರಿಸುವುದರಲ್ಲಿ ಒಂದು ವಿಚಿತ್ರವಿದೆ. ಬೆಸುಗೆಯ ಕಾವು ಕಾಲಿನ ಗುಂಟ ಒಳಗೆ ಇಳಿದರೆ, ಕಾವಲುಗಾರ ಕೆಲಸಕ್ಕೆ ಸೇರುವ ಮೊದಲೇ ಸಾಯುತ್ತಾನೆ. ಕಾಲುಗಳನ್ನು ಉದ್ದ ಬಿಟ್ಟು, ಬುಡವನ್ನು ಇಕ್ಕಳದಿಂದ ಬಿಗಿಯಾಗಿ ಹಿಡಿದು, ಕಾವೆಲ್ಲ ಇಕ್ಕಳಕ್ಕೆ ಹರಿಯುವಂತೆ ಮಾಡಿ, ಮುಟ್ಟಿದೆನೋ ಇಲ್ಲವೋ ಎಂಬಂತೆ ಬೆಸೆಯಬೇಕು. ಇಕ್ಕಳ ಹಿಡಿದವನು ಅವನೇ.

ಕರೆಂಟು ಕೊಟ್ಟೊಡನೆ ಒಲೆ ಹಸಿದವರಂತೆ ವಿದ್ಯುತ್ತನ್ನು ಎಳೆಯತೊಡಗಿತು. ಸ್ವಲ್ಪ ಹೊತ್ತಿಗೆ ಹದ ಬಂತು. ಮೀಟರಿನ ಮುಳ್ಳು ಇಳಿದು ನಿಂತಿತು. ಮೂರು ದಿನ ಹಾಗೆಯೇ ಬಿಟ್ಟು ಜಿಪಿಎಸ್ ಸಂಕೇತದೊಂದಿಗೆ ಹೋಲಿಸಿ, ಸಣ್ಣ ಸ್ಕ್ರೂ ತಿರುವಿ ಅಂಕಿ ಕೂಡಿಸಿದೆವು.

“ತಂತಿ ಹಾಕಿದ್ರೂ ಇದ ಅಂಕಿ ಬರ್ತಿತ್ತಲ್ರಿ, ಕಾಕಾ” ಎಂದ.

ಬರುತ್ತಿತ್ತು ಎಂದೆ. ಅವನು ಬಿಲ್ಲಿನಲ್ಲಿ ಫ್ಯೂಸಿನ ದುಡ್ಡು ಬರೆದುಕೊಂಡ.