ಸತ್ತ ತಾಣದ ಓಟು

ನಾಗಮಂಗಲದಲ್ಲಿ ಬೆಲ್ಲ ಮಾರುವ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣಾ, ಗೂಗಲ್ಲಿಗೆ ಜಾಹೀರಾತಿನ ದುಡ್ಡು ಕಟ್ಟಿದ್ರೆ ನಮ್ಮ ಹೆಸರು ಮೇಲಕ್ಕೆ ಬತ್ತದಾ?"

ಬರುತ್ತೆ, 'ಪ್ರಾಯೋಜಿತ' ಅನ್ನೋ ಚೀಟಿ ಅಂಟಿಸಿಕೊಂಡು. ದುಡ್ಡು ನಿಂತ ದಿನ ಅದೂ ಇಲ್ಲ. ಕೆಳಗಿನ ಮಾಮೂಲಿ ಸಾಲಿನ ಜಾಗಕ್ಕೂ ಜಾಹೀರಾತಿಗೂ ಸಂಬಂಧವಿಲ್ಲ ಅಂತಲೇ ಗೂಗಲ್ ಹೇಳೋದು. ಕಾಸು ಕೊಟ್ಟಿದೀನಿ ಅಂತ ಒಪ್ಪಿಕೊಳ್ಳುತ್ತಲ್ಲ, ಅಷ್ಟರಮಟ್ಟಿಗೆ ಜಾಹೀರಾತು ಪ್ರಾಮಾಣಿಕ.

"ಯಾವ್ದಾರ ಹಳೇ ವೆಬ್‌ಸೈಟ್ ಕೊಂಡು ನಮ್ ಕಡೆ ತಿರುಗಿಸಿದ್ರೆ?" ಅಂದ. ಇದಕ್ಕೆ ತಡವರಿಸಿದೆ.

1998ರಲ್ಲಿ ಬ್ರಿನ್ ಮತ್ತು ಪೇಜ್ ಬರೆದ ಲೆಕ್ಕದಲ್ಲಿ ಕೊಂಡಿ ಅಂದರೆ ಹೆಚ್ಚುಕಮ್ಮಿ ಓಟು. ತಾಣದ ವಿಳಾಸ ಬದಲಾದಾಗ 301 ರೀಡೈರೆಕ್ಟ್ ಹಾಕಿದರೆ ಓಟುಗಳೂ ಜೊತೆಗೆ ಬರುತ್ತವೆ. ಮನೆ ಬದಲಿಸಿದವರಿಗೆ ಅದು ಬೇಕೇ ಬೇಕು. ಮೊದಲ ಕೆಲಸದಲ್ಲಿ ನಾನು ಮಾಡಿದ್ದು ಅದಲ್ಲ. ನವೀಕರಿಸದೆ ಬಿಟ್ಟಿದ್ದ ರೈತರ ಮಾಹಿತಿ ತಾಣವೊಂದರ ಹೆಸರು ಕೊಂಡು, ಸಾಲ ಕೊಡುವ ಗಿರಾಕಿಯ ಪುಟಕ್ಕೆ ತಿರುಗಿಸಿದ್ದೆ. ರೈತರಿಗೆ ಒಳ್ಳೇದಾಗಲಿ ಅಂತ ಯಾರ್ಯಾರೋ ಹಾಕಿದ್ದ ಕೊಂಡಿಗಳು ಸಾಲದ ಅಂಗಡಿಗೆ ಓಟು ಹಾಕಿದವು. ಆಗ ಅದು ಜಾಣತನ ಅನ್ನಿಸಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಇಂಥದ್ದನ್ನು ಹೆಸರಿಟ್ಟೇ ಸ್ಪ್ಯಾಮ್ ಪಟ್ಟಿಗೆ ಸೇರಿಸಿತು. ನಿಯಮ ಇರಲಿ, ಬಿಡಲಿ, ಆ ಓಟು ನಾನು ಮಾರುವಂಥದ್ದಾಗಿರಲಿಲ್ಲ.

ತಮ್ಮನಿಗೆ ಇದೆಲ್ಲ ಹೇಳಲಿಲ್ಲ. "ಬ್ಯಾಡ ಕಣ್ಲಾ. ಆಲೆಮನೆ ಫೋಟೋ ಕಳ್ಸು, ಬೆಲ್ಲ ಹೆಂಗೆ ಮಾಡ್ತೀರ ಅಂತ ಬರೆಯೋಣ" ಅಂದೆ.

"ಅದು ಮೇಲಕ್ಕೆ ಬರಕ್ಕೆ ಎಷ್ಟು ದಿನ?"

ಗೊತ್ತಿಲ್ಲ ಅಂದೆ.