ಆತ್ಮದ ಬಡತನ

ಬಡವನೇ ಭಾಗ್ಯವಂತನೆಂದು ಯಾರಾದರೂ ಹೇಳಿದರೆ ನಾವು ನಂಬುತ್ತೇವೆಯೇ? ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿರುವ ಪರ್ವತ ಪ್ರಸಂಗ ಆರಂಭವಾಗುವುದೇ ಈ ಅರ್ಥದ ಮಾತಿನಿಂದ. ಆದರೆ ಅಲ್ಲಿ ಹೇಳಿರುವುದು ಆತ್ಮದಲ್ಲಿ ಬಡವರಾದವರ ಬಗ್ಗೆ. ಲೂಕನ ಸುವಾರ್ತೆಯಲ್ಲಿ ಬಡವರು ಎಂದಷ್ಟೇ ಇದೆ, ಜೊತೆಗೆ ಧನಿಕರಿಗೆ ಎಚ್ಚರಿಕೆಯೂ ಇದೆ. ಆದ್ದರಿಂದ ಆತ್ಮದ ಬಡತನವೆಂಬುದು ತಿಜೋರಿಯನ್ನು ಭದ್ರವಾಗಿಟ್ಟುಕೊಳ್ಳಲು ಸಿಕ್ಕ ನೆಪವೆಂದು ಯಾರೂ ಭಾವಿಸಬಾರದು.

ಇಲ್ಲಿ ಬಳಕೆಯಾಗಿರುವ ಗ್ರೀಕ್ ಪದ 'ಪ್ತೋಖೋಸ್'. ದುಡಿದು ಅಂದಂದಿನ ಅನ್ನ ಸಂಪಾದಿಸುವ ಬಡವನಿಗೆ ಆ ಭಾಷೆಯಲ್ಲಿ 'ಪೆನೆಸ್' ಎಂಬ ಬೇರೆ ಪದವಿದೆ. ಪ್ತೋಖೋಸ್ ಎಂದರೆ ಮುದುಡಿ ಕುಳಿತು ಕೈಚಾಚುವವನು. ಕೂಲಿ ಕೇಳುವ ಹಕ್ಕೂ ಅವನಿಗಿಲ್ಲ. ಈಸಾ(ಅ)ರ ಕುರಿತು ನಮಗೂ ಕ್ರೈಸ್ತರಿಗೂ ಇರುವ ವಿಶ್ವಾಸದ ಅಂತರ ದೊಡ್ಡದು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಈ ಮಾತು ನಮಗೆ ಅಪರಿಚಿತವೇ? ಸೂರಃ ಫಾತಿರ್‌ನ 15ನೇ ಸೂಕ್ತವು ಸಕಲ ಮಾನವರನ್ನೂ ಅಲ್ಲಾಹನ ಮುಂದೆ 'ಫುಕರಾ' ಎಂದು ಕರೆದಿದೆ. ಫಕೀರ್ ಎಂಬುದರ ಬಹುವಚನವದು. ನಾವೋ ಆ ಪದವನ್ನು ಜೋಳಿಗೆ ಹೊತ್ತವರಿಗೆ ಬಿಟ್ಟುಕೊಟ್ಟು ನಿಶ್ಚಿಂತರಾಗಿದ್ದೇವೆ.

ಲೂಕನ 18ನೇ ಅಧ್ಯಾಯದಲ್ಲೊಂದು ಸಾಮತಿಯಿದೆ. ಇಬ್ಬರು ದೇವಾಲಯಕ್ಕೆ ಪ್ರಾರ್ಥಿಸಲು ಹೋಗುತ್ತಾರೆ. ಧರ್ಮಶಾಸ್ತ್ರನಿಷ್ಠನಾದ ಫರಿಸಾಯನು ವಾರಕ್ಕೆ ಎರಡು ಉಪವಾಸ, ಆದಾಯದ ಹತ್ತರಲ್ಲೊಂದು ಪಾಲಿನ ದಾನ ಎಂದು ತನ್ನ ಲೆಕ್ಕ ಒಪ್ಪಿಸುತ್ತಾನೆ. ಸುಂಕದವನು ದೂರದಲ್ಲಿ ನಿಂತು, ತಲೆಯೆತ್ತಲೂ ಅಂಜಿ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವನು ಮೆಚ್ಚಿದ್ದು ಅವನನ್ನೇ. ಗಮನಿಸಿ, ಫರಿಸಾಯನು ಸುಳ್ಳು ಹೇಳಿದನೆಂದು ಆ ಕಥೆ ಎಲ್ಲಿಯೂ ಹೇಳುವುದಿಲ್ಲ. ಉಪವಾಸ ನಿಜ, ದಾನವೂ ನಿಜ. ಬೇಡಲು ಮಾತ್ರ ಅವನ ಬಳಿ ಏನೂ ಇರಲಿಲ್ಲ.

ಇಟಲಿಯ ಅಸ್ಸೀಸಿಯ ಸಂತ ಫ್ರಾನ್ಸಿಸರು (ನಿಧನ 1226) ಬಟ್ಟೆ ವ್ಯಾಪಾರಿಯ ಮಗ. ತಂದೆಯ ಸೊತ್ತಿನ ಜೊತೆಗೆ ಉಟ್ಟ ಬಟ್ಟೆಯನ್ನೂ ಬಿಷಪರ ಎದುರಲ್ಲೇ ಕಳಚಿ ಕೊಟ್ಟವರು. 1219ರಲ್ಲಿ, ಶಿಲುಬೆ ಯುದ್ಧದ ನಡುವೆ, ಈಜಿಪ್ಟಿನ ದಮಿಯಾತ್ ಬಳಿ ಸುಲ್ತಾನ್ ಅಲ್ ಕಾಮಿಲ್‌ರನ್ನು ಕಂಡು ಸುರಕ್ಷಿತವಾಗಿ ಮರಳಿದವರೂ ಅವರೇ. ಇಷ್ಟೆಲ್ಲ ತೊರೆದವರು ಆತ್ಮದ ಬಡತನದ ಬಗ್ಗೆ ತಮ್ಮ ಶಿಷ್ಯರಿಗೆ ಹೇಳಿದ್ದು ಬಟ್ಟೆಯ ವಿಚಾರವನ್ನಲ್ಲ. ಹಲವರು ಪ್ರಾರ್ಥನೆ, ಉಪವಾಸಗಳಲ್ಲಿ ದೇಹ ದಂಡಿಸುತ್ತಾರೆ. ಆದರೆ ತಮಗೆ ನೋವಾಗುವ ಒಂದೇ ಒಂದು ಮಾತು ಕೇಳಿದರೆ ಸಿಡಿದೇಳುತ್ತಾರೆ, ಅಂಥವರು ಆತ್ಮದಲ್ಲಿ ಬಡವರಲ್ಲ ಎಂಬುದು ಅವರ ಉಪದೇಶದ ಸಾರ.

ಇದನ್ನು ಓದುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಒಮ್ಮೆ ನಾನು ಓದಿದ ಸೂಕ್ತವೊಂದರ ಉಚ್ಚಾರಣೆಯನ್ನು ಹಿರಿಯರೊಬ್ಬರು ಮದ್ರಸದ ಮಕ್ಕಳ ಮುಂದೆಯೇ ತಿದ್ದಿದರು. ಅವರು ಹೇಳಿದ್ದು ಸರಿಯಾಗಿತ್ತು. ಆದರೂ ಅವರಿಗೆ ಸಲಾಮ್ ಹೇಳಬೇಕಾದೀತೆಂದು ಮೂರು ದಿನ ಬೇರೆ ದಾರಿಯಲ್ಲಿ ಮನೆಗೆ ಹೋದೆ. ಆ ಮೂರು ರಾತ್ರಿಗಳಲ್ಲೂ ನನ್ನ ತಹಜ್ಜುದ್ ನಮಾಝ್ ಮಾತ್ರ ತಪ್ಪಲಿಲ್ಲ. ನಾಲ್ಕನೆಯ ದಿನ ಅವರೇ ಎದುರಾಗಿ ಸಲಾಮ್ ಹೇಳಿದರು. ಆ ಸೂಕ್ತವನ್ನು ಇನ್ನೊಮ್ಮೆ ಹೇಳಿಕೊಡಿ ಎಂದು ಅವರಲ್ಲಿ ಕೇಳಲು ನನಗೆ ಮತ್ತೂ ಒಂದು ವಾರ ಬೇಕಾಯಿತು.